‘ಅಯ್ಯೋ ದೇವರೇ’ ಅಂದರೆ ನಾಸ್ತಿಕತನ ಹೋಯಿತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನವ. ದೇವರನ್ನು ನಂಬುವುದಿಲ್ಲ. ಹೇಳಿಕೊಂಡು ತಿರುಗುವ ಅಭ್ಯಾಸವೂ ಇಲ್ಲ, ಆದರೆ ಊರು ಸಣ್ಣದು, ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಜನ ದೇವರು ಇದ್ದಾನಾ ಇಲ್ವಾ ಅಂತ ವಾದಕ್ಕೆ ಬರುವುದಿಲ್ಲ. ನನ್ನ ಬಾಯಿಂದ ಯಾವ ಶಬ್ದ ಬೀಳುತ್ತದೆ ಅಂತ ಕಾಯುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಚಾ ಕುಡಿಯುವಾಗ ಕೇಳಿದ್ದನ್ನೇ ಕೇಳುತ್ತಾರೆ. ಪ್ರತಿ ಸಲ ಮೊದಲಿಂದ ಹೇಳಿ ಸಾಕಾಯಿತು. ಹಾಗಾಗಿ ಒಮ್ಮೆ ಬರೆದಿಡುತ್ತಿದ್ದೇನೆ.

ದೇವರಿಲ್ಲ ಅನ್ನುವವರು ‘ಅಯ್ಯೋ ದೇವರೇ’ ಅನ್ನಬಹುದಾ?

ಅನ್ನಬಹುದು. ನಾನು ದಿನಕ್ಕೆ ನಾಲ್ಕು ಸಲ ಅನ್ನುತ್ತೇನೆ, ಜೂನ್ ತಿಂಗಳಲ್ಲಿ ಛತ್ರಿ ಮರೆತು ಹೊರಟ ದಿನ ಇನ್ನೂ ಜಾಸ್ತಿ. ಬಿಸಿ ಪಾತ್ರೆ ಮುಟ್ಟಿದಾಗ ಬಾಯಿಗೆ ಬರುವುದು ನಾವು ಆರಿಸಿಕೊಂಡ ಮಾತಲ್ಲ. ಅಜ್ಜಿ ಅಂದದ್ದನ್ನು ಅಮ್ಮ ಅಂದರು, ಅಮ್ಮ ಅಂದದ್ದನ್ನು ನಾನು ಅಂದೆ. ನಮ್ಮ ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಮ್ಮ ‘ಜೆಜು ಮರಿ’ (ಯೇಸು, ಮರಿಯಾ) ಅನ್ನುತ್ತಾರೆ, ಅವರ ಆಚೆ ಮನೆಯ ಬ್ಯಾರಿ (ಕರಾವಳಿಯ ಮುಸ್ಲಿಂ) ಹೆಂಗಸು ‘ಯಾ ಅಲ್ಲಾ’ ಅನ್ನುತ್ತಾರೆ. ಮೂರೂ ಮನೆಯಲ್ಲಿ ಕೈ ಸುಡುವುದು ಒಂದೇ ತರ. ಆ ಗಳಿಗೆಯಲ್ಲಿ ನಂಬುವವರೂ ಪ್ರಾರ್ಥನೆ ಮಾಡುತ್ತಿರುವುದಿಲ್ಲ, ಕೈ ನೀರಿಗೆ ಹಿಡಿಯಲು ಓಡುತ್ತಿರುತ್ತಾರೆ.

‘ಅಯ್ಯೋ’ ಅನ್ನುವುದು ಯಮನ ಹೆಂಡತಿಯ ಹೆಸರಂತೆ, ಹೌದಾ?

ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವರ್ಷಕ್ಕೊಮ್ಮೆ ಬರುತ್ತದೆ ಇದು, ‘ಅಯ್ಯೋ ಅಂದರೆ ಯಮನ ಮನೆಗೆ ಕರೆ ಹೋಗುತ್ತದೆ’ ಅಂತ. ಮಹಾಭಾರತದಲ್ಲಿ ಯಮನ ಹೆಂಡತಿಯ ಹೆಸರು ಧೂಮೋರ್ಣಾ. ‘ಅಯ್ಯೋ’ ಕನ್ನಡದಲ್ಲಿ ಮಾತ್ರವಲ್ಲ, ತುಳು, ತಮಿಳು, ಮಲಯಾಳಂನಲ್ಲೂ ಉಂಟು. ಅದು ಸುಮ್ನೆ ಒಂದು ಕೂಗು. ಧೈರ್ಯವಾಗಿ ಅನ್ನಿ.

ಸರಿ, ‘ನಾಸ್ತಿಕ’ ಶಬ್ದವಾದರೂ ನಿಮ್ಮದೇನಾ?

ಇದನ್ನು ಕೇಳಿದವರು ನಮ್ಮ ಒಬ್ಬರು ಸಂಸ್ಕೃತ ಮೇಷ್ಟ್ರು. ಕೇಳಿ ನಕ್ಕರು, ಯಾಕೆಂದರೆ ಉತ್ತರ ಅವರಿಗೆ ಗೊತ್ತಿತ್ತು. ‘ನ ಅಸ್ತಿ’, ಅಂದರೆ ‘ಇಲ್ಲ’, ಅನ್ನುವವನು ನಾಸ್ತಿಕ. ಪಾಣಿನಿಯ ವ್ಯಾಕರಣದಲ್ಲೇ ಆಸ್ತಿಕ, ನಾಸ್ತಿಕ ಶಬ್ದಗಳಿಗೆ ಒಂದು ಸೂತ್ರ ಉಂಟು. ಅದೇ ಸೂತ್ರದಲ್ಲಿ ಮೂರನೆಯವನೊಬ್ಬ ಇದ್ದಾನೆ, ದೈಷ್ಟಿಕ: ಎಲ್ಲ ವಿಧಿಯಾಟ ಅನ್ನುವವನು. (ಆ ಮೂರನೆಯ ಪಂಗಡದವರೇ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಜಾಸ್ತಿ.)

ಆದರೆ ಏನು ‘ಇಲ್ಲ’? ಮನುಸ್ಮೃತಿ ‘ನಾಸ್ತಿಕೋ ವೇದನಿಂದಕಃ’ ಅನ್ನುತ್ತದೆ. ಅಂದರೆ ವೇದವನ್ನು ಒಪ್ಪದವನು ನಾಸ್ತಿಕ. ಹಾಗಾಗಿ ಹಳೆಯ ಲೆಕ್ಕದಲ್ಲಿ ಜೈನರೂ ಬೌದ್ಧರೂ ನಾಸ್ತಿಕರು. ಕಾರ್ಕಳದ ಗೊಮ್ಮಟನಿಗೆ ಮಸ್ತಕಾಭಿಷೇಕ ಮಾಡುವವರು ನಾಸ್ತಿಕರು! ಸೃಷ್ಟಿ ಮಾಡುವ ದೇವರು ಬೇಕಿಲ್ಲ ಅಂದ ಮೀಮಾಂಸಕರು ಮಾತ್ರ ಆಸ್ತಿಕರು, ಯಾಕೆಂದರೆ ಅವರು ವೇದವನ್ನು ಬಿಡಲಿಲ್ಲ. ಹೀಗೆ ನಮ್ಮ ಹೆಸರನ್ನೇ ನಮಗೆ ಇಟ್ಟವರು ಎದುರು ಪಕ್ಷದವರು, ಅದೂ ಬೈಗುಳವಾಗಿ. ಈಗ ನಾವು ಅದನ್ನೇ ಎದೆ ಮೇಲೆ ಹಾಕಿಕೊಂಡು ಓಡಾಡುತ್ತೇವೆ.

‘ಸೆಕ್ಯುಲರ್’ ಕತೆಯೂ ಅಷ್ಟೆ. ಯುರೋಪಿನ ಚರ್ಚಿನಲ್ಲಿ ಮಠದ ಒಳಗೆ ಇರುವ ಪಾದ್ರಿಗಳು ಒಂದು ಬಗೆ, ಹೊರಗೆ ಜನರ ನಡುವೆ ಇರುವ ಪಾದ್ರಿಗಳು ಇನ್ನೊಂದು ಬಗೆ. ಆ ಎರಡನೆಯವರು ಸೆಕ್ಯುಲರ್ ಪಾದ್ರಿಗಳು. ಆ ಶಬ್ದ ಚರ್ಚಿನ ಗೇಟು ದಾಟಿ ಹೊರಗೆ ಬಂದದ್ದು ಎಷ್ಟೋ ಕಾಲದ ನಂತರ.

‘ಎಂಥ ಗ್ರಾಚಾರ ಮಾರಾಯ್ರೆ’ ಅನ್ನುತ್ತೀರಲ್ಲ, ಜ್ಯೋತಿಷ್ಯ ನಂಬುತ್ತೀರಾ?

ಇಲ್ಲ. ಆದರೆ ‘ಗ್ರಾಚಾರ’ ಇಲ್ಲದೆ ದಕ್ಷಿಣ ಕನ್ನಡದಲ್ಲಿ ಒಂದು ದಿನ ಬದುಕಿ ತೋರಿಸಿ, ನೋಡುವ. ಗ್ರಹಗಳ ಚಾರ, ಅಂದರೆ ಅವುಗಳ ಓಡಾಟ, ಅದು ಗ್ರಹಚಾರ. ‘ಗ್ರಹ’ ಅಂದರೆ ಹಿಡಿದುಕೊಳ್ಳುವುದು. ಹಿಂದಿನವರ ಮಟ್ಟಿಗೆ ಶನಿ, ಕುಜ ಎಲ್ಲ ಮನುಷ್ಯರನ್ನು ಹಿಡಿದುಕೊಳ್ಳುವವರು. ಈಗ ಅದೇ ಶಬ್ದವನ್ನು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮಂಗಳನಿಗೂ ಗುರುವಿಗೂ ಇಟ್ಟಿದ್ದೇವೆ, ಯಾರೂ ಹೆದರುವುದಿಲ್ಲ.

ಈ ಸಾಲಿನಲ್ಲಿ ಶಬ್ದಗಳು ಬೇಕಾದಷ್ಟು. ‘ಹಣೆಬರಹ’ ಬ್ರಹ್ಮ ಹಣೆಯಲ್ಲಿ ಬರೆದದ್ದು. ‘ಯೋಗ ಬೇಕು’ ಅನ್ನುವಾಗಿನ ಯೋಗ ಜಾತಕದ್ದು. ‘ನಸೀಬು’ ಅರಬಿಯಿಂದ ಬಂತು, ಪಾಲಿಗೆ ಬಂದದ್ದು ಅಂತ ಅರ್ಥ. ‘ಎಷ್ಟು ದುಡಿದರೂ ಬರ್ಕತ್ತಿಲ್ಲ’ ಅನ್ನುತ್ತೇವಲ್ಲ, ಅದೂ ಅರಬಿಯ ‘ಬರಕತ್’, ದೇವರ ಆಶೀರ್ವಾದ. ಸಂಜೆ ಗಲ್ಲಾ ಎಣಿಸುವ ಭಟ್ಟರ ಬಾಯಲ್ಲೂ ಅದೇ ಬರುತ್ತದೆ.

ಇವುಗಳಲ್ಲಿ ನನಗೆ ಇಷ್ಟವಾದದ್ದು ‘ಅದೃಷ್ಟ’. ಕಾಣದೇ ಇರುವುದು ಅಂತ ಅರ್ಥ. ಇವತ್ತು ಯಜ್ಞ ಮಾಡಿದರೆ ಫಲ ಸಿಗುವುದು ಇನ್ಯಾವಾಗಲೋ. ನಡುವೆ ಆ ಫಲ ಎಲ್ಲಿ ಇರುತ್ತದೆ? ಹಳೆಯ ದರ್ಶನಗಳವರು ತಲೆ ಕೆರೆದುಕೊಂಡು, ಕಣ್ಣಿಗೆ ಕಾಣದ ಒಂದು ಶಕ್ತಿಯಾಗಿ ಉಳಿದಿರುತ್ತದೆ ಅಂದರು. ಅದೇ ಅದೃಷ್ಟ. ಅಷ್ಟು ಗಟ್ಟಿ ತರ್ಕದ ಶಬ್ದ ಈಗ ಲಾಟರಿ ಟಿಕೆಟಿನ ಮೇಲೆ ಬಂದು ಕೂತಿದೆ.

ವಾರದ ಹೆಸರುಗಳನ್ನು ಏನು ಮಾಡುತ್ತೀರಿ?

ಏನೂ ಮಾಡುವುದಿಲ್ಲ, ಶನಿವಾರ ಬಂದರೆ ಖುಷಿಪಡುತ್ತೇನೆ. ಏಳೂ ದಿನ ಗ್ರಹಗಳ ಹೆಸರಲ್ಲಿ ಉಂಟು, ಗ್ರಹಗಳು ಆಗ ದೇವರುಗಳು. ಇಂಗ್ಲಿಷಿನ ಸಂಡೇ ಸೂರ್ಯನದ್ದು, ಸಾಟರ್ಡೇ ಶನಿಯದ್ದೇ. ಇದು ಕಾಕತಾಳೀಯ ಅಲ್ಲ. ಗ್ರೀಕ್ ಜ್ಯೋತಿಷ್ಯದಲ್ಲಿ ದಿನದ ಒಂದೊಂದು ಗಂಟೆಗೆ ಒಂದೊಂದು ಗ್ರಹ ಒಡೆಯ. ಏಳು ಗ್ರಹ, 24 ಗಂಟೆ. ಮೂರು ಸುತ್ತು ಮುಗಿದು ಮೂರು ಗಂಟೆ ಉಳಿಯುತ್ತದೆ, ಹಾಗಾಗಿ ಮರುದಿನದ ಮೊದಲ ಗಂಟೆಗೆ ಬೇರೆ ಗ್ರಹ ಬರುತ್ತದೆ. ಆ ಮೊದಲ ಗಂಟೆಯ ಒಡೆಯನ ಹೆಸರೇ ದಿನದ ಹೆಸರು. ನಮ್ಮ ಪಂಚಾಂಗದ ‘ಹೋರಾ’ ಗ್ರೀಕ್ ಶಬ್ದ, ಇಂಗ್ಲಿಷಿನ ‘ಅವರ್’ ಕೂಡ ಅದರಿಂದಲೇ. ಮಧ್ಯಪ್ರದೇಶದ ಏರಣದಲ್ಲಿ 484ರ ಒಂದು ಗುಪ್ತ ಶಾಸನ ಉಂಟು, ಅದರಲ್ಲಿ ಗುರುವಾರ ಅಂತ ಬರೆದಿದೆ. ವಾರದ ಹೆಸರಿರುವ ನಮ್ಮ ದೇಶದ ತೀರ ಹಳೆಯ ಶಾಸನಗಳಲ್ಲಿ ಅದೂ ಒಂದು.

ಇನ್ನೊಂದು ಮಜಾ ಕೇಳಿ. ಪೋರ್ಚುಗೀಸರ ಭಾಷೆಯಲ್ಲಿ ಸೋಮವಾರಕ್ಕೆ ಸೋಮನಿಲ್ಲ, ‘ಎರಡನೆಯ ದಿನ’ ಅಂತ ಲೆಕ್ಕ. ಅನ್ಯದೇವರ ಹೆಸರು ಬೇಡ ಅಂತ ಆರನೇ ಶತಮಾನದ ಬಿಷಪ್ ಒಬ್ಬರು, ಬ್ರಾಗಾದ ಮಾರ್ಟಿನ್, ಹಟ ಹಿಡಿದಿದ್ದರು. ಅದೇ ಪೋರ್ಚುಗೀಸರಿಂದ ಧರ್ಮ ಪಡೆದ ನಮ್ಮ ಕೊಂಕಣಿ ಕ್ರಿಶ್ಚಿಯನ್ನರು ಇವತ್ತಿಗೂ ಪೂಜೆಗೆ ಹೋಗುವುದು ‘ಆಯ್ತಾರಾ’, ಅಂದರೆ ಆದಿತ್ಯವಾರ. ಬಿಷಪ್ಪರ ಹಟ ಸಮುದ್ರ ದಾಟಲಿಲ್ಲ.

ದೇವರೇ ಬೇಡ ಅಂದ ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನದ ವಾರ ತಂದಿತು, ಆಮೇಲೆ ಆರು ದಿನದ್ದು. 1940ರಲ್ಲಿ ಸುಸ್ತಾಗಿ ಏಳಕ್ಕೇ ವಾಪಸ್ ಬಂತು. ಅಲ್ಲಿ ಭಾನುವಾರಕ್ಕೆ ಇರುವ ಹೆಸರಿನ ಅರ್ಥ ‘ಪುನರುತ್ಥಾನ’, ಯೇಸು ಎದ್ದು ಬಂದದ್ದು. ಹೆಸರನ್ನು ಯಾರೂ ಮುಟ್ಟಲಿಲ್ಲ.

ಭೌತಶಾಸ್ತ್ರದಲ್ಲೂ ಭೂತ ಉಂಟು ಅಂತ ಒಬ್ಬರು ಹೇಳಿದರು. ತಮಾಷೆಯಾ?

ತಮಾಷೆ ಅಲ್ಲ, ನಿಜ. ‘ಭೂತ’ ಅಂದರೆ ಆದದ್ದು, ಇದ್ದದ್ದು. ಹಾಗಾಗಿ ಆಗಿಹೋದ ಕಾಲ ಭೂತಕಾಲ. ನೆಲ, ನೀರು, ಬೆಂಕಿ, ಗಾಳಿ, ಆಕಾಶ ಪಂಚಭೂತ. ಆ ಭೂತಗಳ ಶಾಸ್ತ್ರ ಭೌತಶಾಸ್ತ್ರ. ಸತ್ತು ಅಲೆಯುವುದೂ ಭೂತ. ಸಣ್ಣದನ್ನು ದೊಡ್ಡದಾಗಿ ತೋರಿಸುವುದು ಭೂತಗನ್ನಡಿ.

ಘಟ್ಟದ ಮೇಲಿನವರಿಗೆ ಕತೆ ಇಲ್ಲಿಗೆ ಮುಗಿಯಿತು. ನಮಗೆ ಮುಗಿಯುವುದಿಲ್ಲ. ನಮ್ಮಲ್ಲಿ ಭೂತ ಅಂದರೆ ಪಂಜುರ್ಲಿ, ಜುಮಾದಿ, ಕೊರಗಜ್ಜ. ಹೆದರಿಸುವ ಪಿಶಾಚಿ ಅಲ್ಲ, ಕೋಲದಲ್ಲಿ, ಅಂದರೆ ವೇಷ ಕಟ್ಟಿ ಕುಣಿಯುವ ಆರಾಧನೆಯಲ್ಲಿ, ಎದುರು ನಿಂತು ನ್ಯಾಯ ಹೇಳುವ, ಮನೆಯವರನ್ನು ಹೆಸರು ಹಿಡಿದು ಕೇಳುವ ದೈವ. ಬೆಂಗಳೂರಿನ ಗೆಳೆಯನೊಬ್ಬ ನಮ್ಮ ಮನೆಗೆ ಬಂದವ ‘ಭೂತದ ಕೋಣೆ’ ಅಂತ ಕೇಳಿ ರಾತ್ರಿ ನಿದ್ರೆ ಮಾಡಲಿಲ್ಲ. ಅದೇ ಕೋಣೆಯ ಜಗಲಿಯಲ್ಲಿ ನಮ್ಮ ದೊಡ್ಡಪ್ಪ ಗೊರಕೆ ಹೊಡೆಯುತ್ತಿದ್ದರು.

‘ನೇಮ’ವೂ ಹಾಗೆ. ಸಂಸ್ಕೃತದ ‘ನಿಯಮ’ ಸವೆದು ನೇಮವಾಯಿತು. ಬೇರೆ ಕಡೆ ನಿಯಮ ಅಂದರೆ ಟ್ರಾಫಿಕ್ ನಿಯಮ. ಇಲ್ಲಿ ನೇಮ ಅಂದರೆ ಭೂತಕ್ಕೆ ನಡೆಸುವ ಸೇವೆ: ರಾತ್ರಿಯಿಡೀ ದೊಂದಿ, ತೆಂಬರೆ ಅನ್ನುವ ಚರ್ಮವಾದ್ಯ, ವೇಷದ ಬೆನ್ನಿಗೆ ಕಟ್ಟುವ ಅಣಿ, ಬೆಳಿಗ್ಗೆ ಕೆಂಪು ಕಣ್ಣು.

ಬೈಯುವುದಕ್ಕೂ ದೇವಸ್ಥಾನದ ಶಬ್ದಗಳೇ ಯಾಕೆ?

ಇದಕ್ಕೆ ಉತ್ತರ ಗೊತ್ತಿದ್ದರೆ ನನಗೂ ಹೇಳಿ. ಯಾಕೋ ಪೂಜೆಯ ಕ್ರಮ ಪೂರ್ತಿ ಬೈಗುಳಕ್ಕೆ ಹೊಂದಿಕೊಂಡಿದೆ. ಬಾಸ್ ಕರೆದು ಮೊದಲು ‘ಸಹಸ್ರನಾಮ’ ಸುರು ಮಾಡುತ್ತಾರೆ. ಆಮೇಲೆ ‘ಮಂಗಳಾರತಿ’ ಎತ್ತುತ್ತಾರೆ. ಕೈ ಮೀರಿದರೆ ‘ಪೂಜೆ’ ಆಗುತ್ತದೆ, ‘ಪ್ರಸಾದ’ ಸಿಗುತ್ತದೆ. ದುಡ್ಡು ಹೋದರೆ ‘ಗೋವಿಂದ’. ಯಾರೋ ನುಂಗಿದರೆ ‘ಸ್ವಾಹಾ’, ಅದು ಹೋಮದ ಬೆಂಕಿಗೆ ತುಪ್ಪ ಹಾಕುವಾಗ ಹೇಳುವ ಶಬ್ದ. ಮೋಸ ಮಾಡಿದರೆ ‘ಮೂರು ನಾಮ’. ನಂಟು ಬಿಟ್ಟರೆ ‘ಎಳ್ಳುನೀರು’, ಅದು ಸತ್ತವರಿಗೆ ಬಿಡುವುದು.

ಟಿವಿಯವರು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ವೇದದಲ್ಲಿ ಯಜ್ಞ ಯಾಗಗಳ ಭಾಗಕ್ಕೆ ಕರ್ಮಕಾಂಡ ಅಂತ ಹೆಸರು. ಟಿವಿಯಲ್ಲಿ ‘ಕರ್ಮಕಾಂಡ ಬಯಲು’ ಅಂದರೆ ಯಾವನೋ ಲಂಚ ತಿಂದ ಅಂತ. ‘ರಾದ್ಧಾಂತ’ ಅಂದರೆ ಸಿದ್ಧಾಂತ, ವಾದ ಮುಗಿದ ಮೇಲೆ ನಿಂತ ತೀರ್ಮಾನ. ನಮ್ಮಲ್ಲಿ ‘ದೊಡ್ಡ ರಾದ್ಧಾಂತ ಆಯ್ತು’ ಅಂದರೆ ತೀರ್ಮಾನವೇ ಆಗದ ಗಲಾಟೆ. ಇದನ್ನೆಲ್ಲ ಮಾಡಿದ್ದು ನಾಸ್ತಿಕರಲ್ಲ, ಗಮನಿಸಿ. ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಕೂರುವವರೇ ದೇವರ ಜೊತೆ ಇಷ್ಟು ಸಲಿಗೆಯಿಂದ ಇದ್ದವರು. ನಮಗೆ ಅಷ್ಟು ಧೈರ್ಯ ಎಲ್ಲಿಂದ?

‘ದಮ್ಮಯ್ಯ’ದಲ್ಲೂ ಧರ್ಮ ಉಂಟಾ?

ಉಂಟು. ಧರ್ಮ ಸವೆದು ದಮ್ಮ, ಅದಕ್ಕೆ ಅಯ್ಯ ಸೇರಿದೆ. ‘ದಮ್ಮಯ್ಯ, ಇವತ್ತೊಂದು ದಿನ ಬಿಡಿ’ ಅಂತ ಕಂಡಕ್ಟರನ ಹತ್ತಿರ ಬೇಡುವಾಗ ನೀವು ಅವನನ್ನು ಧರ್ಮರಾಯನ ಮಟ್ಟಕ್ಕೆ ಏರಿಸಿದ್ದೀರಿ. ‘ಧರ್ಮಕ್ಕೆ ಸಿಕ್ಕಿತು’ ಅಂದರೆ ಬಿಟ್ಟಿ ಸಿಕ್ಕಿತು. ‘ಧರ್ಮದೇಟು’ ಕೂಡ ಬಿಟ್ಟಿಯೇ.

ಹಾಗಾದರೆ ‘ಮಾರಾಯ್ರೆ’ ಕೂಡ ಯಾವುದೋ ದೇವರ ಹೆಸರೇ ಇರಬೇಕು?

ಅಲ್ಲ ಮಾರಾಯ್ರೆ. ಮಹಾರಾಯ ಸವೆದು ಮಾರಾಯ. ರಾಜ, ದೇವರಲ್ಲ. ಮಾರಿಗೂ ಇದಕ್ಕೂ ಸಂಬಂಧ ಇಲ್ಲ.

ಇದೆಲ್ಲ ರಗಳೆ ಬೇಡ ಅಂತ ಇಂಗ್ಲಿಷಿಗೆ ಹೋದರೆ?

ಅಲ್ಲೂ ದೇವರು ಬಾಗಿಲಲ್ಲೇ ನಿಂತಿದ್ದಾನೆ. ‘ಬೈ’ ಅನ್ನುತ್ತೀರಲ್ಲ, ಅದು ‘ಗುಡ್‌ಬೈ’ಯ ಬಾಲ. ಗುಡ್‌ಬೈ ಅಂದರೆ ‘ದೇವರು ನಿಮ್ಮ ಜೊತೆಗಿರಲಿ’ ಅನ್ನುವ ಪೂರ್ತಿ ವಾಕ್ಯ 16ನೇ ಶತಮಾನದಲ್ಲಿ ಮುದುಡಿ ಆದದ್ದು. ‘ಹಾಲಿಡೇ’ ಪವಿತ್ರ ದಿನ.

ಕೊಂಕಣಿ ಕ್ರಿಶ್ಚಿಯನ್ನರು ಥ್ಯಾಂಕ್ಸ್ ಹೇಳುವುದು ‘ದೇವ್ ಬರೆಂ ಕರುಂ’ ಅಂತ, ದೇವರು ಒಳ್ಳೆಯದು ಮಾಡಲಿ. ಅದು ನೇರವಾಗಿ ಕೇಳಿಸುತ್ತದೆ. ರಷ್ಯನ್ನರ ‘ಸ್ಪಾಸಿಬಾ’ದಲ್ಲಿ ಅಷ್ಟು ನೇರ ಕೇಳಿಸುವುದಿಲ್ಲ, ಆದರೆ ಬಿಡಿಸಿದರೆ ‘ದೇವರು ಕಾಪಾಡಲಿ’ ಅಂತಲೇ. ಎಪ್ಪತ್ತು ವರ್ಷ ದೇವರಿಲ್ಲ ಅಂದ ದೇಶದಲ್ಲಿ ಪ್ರತಿಯೊಬ್ಬರೂ ಚಾ ಕೊಟ್ಟವರಿಗೆ ಅದನ್ನೇ ಹೇಳಿದರು.

ಊರಿನ ಹೆಸರೇ ಮಂಗಳಾದೇವಿಯದ್ದು. ಅದನ್ನು ಬಿಡುತ್ತೀರಾ?

ಬಿಟ್ಟರೂ ತೊಂದರೆ ಇಲ್ಲ, ನಮ್ಮ ಊರಿಗೆ ಹೆಸರಿಗೇನು ಬರ. ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ನಾನು ಮನೆಯಲ್ಲಿ ಕುಡ್ಲ ಅನ್ನುತ್ತೇನೆ, ರೈಲ್ವೆ ಟಿಕೆಟಿನಲ್ಲಿ ಮಂಗಳೂರು ಅನ್ನುತ್ತೇನೆ.

ಎಲ್ಲ ಶಬ್ದವೂ ಗುಡಿಯಿಂದಲೇ ಬೀದಿಗೆ ಬಂದದ್ದಾ? ಬೀದಿಯಿಂದ ಗುಡಿಗೆ ಹೋದದ್ದು ಇಲ್ವಾ?

ಇದು ಒಳ್ಳೆಯ ಪ್ರಶ್ನೆ, ಯಾರೂ ಕೇಳುವುದೇ ಇಲ್ಲ. ಒಂದು ಸಲ ಉಡುಪಿಯ ಕಾಲೇಜು ಹುಡುಗಿಯೊಬ್ಬಳು ಕೇಳಿದಳು.

ಅವಳದ್ದೇ ಊರಿನ ‘ಪರ್ಯಾಯ’ ತೆಗೆದುಕೊಳ್ಳಿ. ಪರ್ಯಾಯ ಅಂದರೆ ಸುಮ್ನೆ ಸರದಿ, ಪಾಳಿ. ಕೃಷ್ಣಮಠದ ಪೂಜೆ ಅಷ್ಟಮಠಗಳ ನಡುವೆ ಸರದಿಯಲ್ಲಿ ಹೋಗುತ್ತದೆ, ಮೊದಲು ಎರಡು ತಿಂಗಳಿಗೊಮ್ಮೆ, ವಾದಿರಾಜರ ಕಾಲದಿಂದ ಎರಡು ವರ್ಷಕ್ಕೊಮ್ಮೆ. ಈಗ ಉಡುಪಿಯಲ್ಲಿ ಪರ್ಯಾಯ ಅಂದರೆ ಜನವರಿ 18ರ ನಸುಕು, ರಥಬೀದಿ, ಮೆರವಣಿಗೆ. ಬೇರೆ ಜಿಲ್ಲೆಯವರಿಗೆ ‘ಪರ್ಯಾಯ ರಸ್ತೆ ಬಳಸಿ’ ಅನ್ನುವ ಬೋರ್ಡು. ಶಬ್ದ ಒಂದೇ, ನಮ್ಮಲ್ಲಿ ಅದಕ್ಕೆ ಪಲ್ಲಕ್ಕಿ ಸಿಕ್ಕಿತು.

‘ಇಗರ್ಜಿ’ ಪೋರ್ಚುಗೀಸರ ‘ಇಗ್ರೇಜ’. ಅದರ ಬೇರು ಗ್ರೀಕಿನಲ್ಲಿ ಉಂಟು, ಅಲ್ಲಿ ಅದರ ಅರ್ಥ ಊರ ನಾಗರಿಕರ ಸಭೆ. ಅಥೆನ್ಸಿನಲ್ಲಿ ಯುದ್ಧ ಬೇಕಾ ಬೇಡವಾ ಅಂತ ಕೈ ಎತ್ತುತ್ತಿದ್ದ ಸಭೆ. ‘ಬಸದಿ’ ಕೂಡ ‘ವಸತಿ’ಯೇ, ಇರುವ ಜಾಗ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಹಾಸ್ಟೆಲಿನ ಬೋರ್ಡಿಗೂ ಶಬ್ದದ ಮಟ್ಟಿಗೆ ನಂಟು.

ಉಪವಾಸ ಸತ್ಯಾಗ್ರಹಕ್ಕೆ ಕೂತ ಕಾಮ್ರೇಡ್ ದೇವರನ್ನು ನಂಬಿದ ಹಾಗಾ?

‘ಉಪವಾಸ’ ಅಂದರೆ ಹತ್ತಿರ ಇರುವುದು. ಊಟದ ಸುದ್ದಿಯೇ ಇಲ್ಲ ಆ ಶಬ್ದದಲ್ಲಿ. ಶತಪಥ ಬ್ರಾಹ್ಮಣದಲ್ಲಿ ವಿವರಣೆ ಉಂಟು: ನಾಳೆ ಯಜ್ಞ ಅಂದರೆ ಇವತ್ತೇ ದೇವತೆಗಳು ಮನೆಗೆ ಬಂದು ಉಳಿದುಕೊಳ್ಳುತ್ತಾರೆ, ನೆಂಟರು ಉಣ್ಣದೆ ಮನೆಯವರು ಉಣ್ಣುವುದು ಸರಿಯಲ್ಲ, ಹಾಗಾಗಿ ಊಟ ಬಿಡುವುದು. ನನಗೆ ಇದು ಬಹಳ ಹಿಡಿಸಿತು. ಇಲ್ಲಿ ಭಕ್ತಿಗಿಂತ ಜಾಸ್ತಿ ಕಾಣುವುದು ನೆಂಟರ ಮರ್ಯಾದೆ.

ಕಾಮ್ರೇಡರನ್ನು ಕೇಳಬೇಕಾದ ಶಬ್ದ ಬೇರೆ ಉಂಟು. ‘ಹುತಾತ್ಮ’. ಹುತ ಅಂದರೆ ಹೋಮಕ್ಕೆ ಹಾಕಿದ್ದು. ತನ್ನನ್ನೇ ಹೋಮಕ್ಕೆ ಹಾಕಿಕೊಂಡವನು ಹುತಾತ್ಮ. ಕೆಂಪು ಬ್ಯಾನರಿನ ಮೇಲೆ ಅದು ಧಾರಾಳ ಕಾಣುತ್ತದೆ. ನಾಸ್ತಿಕರು ಸತ್ತರೆ ಪೇಪರಿನಲ್ಲಿ ‘ದಿವಂಗತ’ ಅಂತಲೇ ಹಾಕುತ್ತಾರೆ, ಸ್ವರ್ಗಕ್ಕೆ ಹೋದವರು ಅಂತ. ನನಗೆ ‘ತೀರಿಕೊಂಡರು’ ಸಾಕು. ಮನೆಯವರಿಗೆ ಹೇಳಿಟ್ಟಿದ್ದೇನೆ, ಆದರೆ ಆಗ ತಿದ್ದಲು ನಾನಿರುವುದಿಲ್ಲ.

ಕೋರ್ಟಿನಲ್ಲಿ ದೇವರ ಹೆಸರಲ್ಲಿ ಪ್ರಮಾಣ ಮಾಡಲೇಬೇಕಾ?

ಬೇಡ. 1969ರ ಪ್ರಮಾಣ ಕಾಯ್ದೆಯಲ್ಲಿ ದೇವರ ಹೆಸರಿಲ್ಲದೆ ಪ್ರತಿಜ್ಞೆ ಮಾಡಲು ಅವಕಾಶ ಉಂಟು. ಸಂವಿಧಾನದ ಮೂರನೇ ಅನುಸೂಚಿಯಲ್ಲೂ ಮಂತ್ರಿಗಳಿಗೆ ಎರಡೂ ದಾರಿ ಉಂಟು. ನಮ್ಮ ಕಡೆ ಕಷ್ಟ ಇರುವುದು ಕೋರ್ಟಿನಲ್ಲಲ್ಲ. ಜಾಗದ ತಕರಾರು ಬಂದರೆ ಎದುರಿನವರು ‘ಧರ್ಮಸ್ಥಳಕ್ಕೆ ಬಾ, ಆಣೆ ಇಡು’ ಅನ್ನುತ್ತಾರೆ. ‘ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ’ ಅಂತ ಗಾದೆಯೇ ಉಂಟಲ್ಲ. ನಾನು ನಂಬುವುದಿಲ್ಲ ಅಂದರೆ ಸುಳ್ಳು ಹೇಳುತ್ತಿದ್ದೇನೆ ಅಂತ ತಿಳಿಯುತ್ತಾರೆ.

ನೀವು ನಿಜವಾಗಿ ಬಿಟ್ಟ ಶಬ್ದ ಒಂದೂ ಇಲ್ವಾ?

ಉಂಟು. ಅದರ ಹುಟ್ಟು ಎಲ್ಲಿ ಅಂತ ನೋಡಿ ಬಿಟ್ಟದ್ದಲ್ಲ.

ಬಸ್ ತಪ್ಪಿದಾಗ ‘ನನ್ನ ಕರ್ಮ’ ಅಂದರೆ ಯಾರಿಗೂ ನೋವಿಲ್ಲ. ಆದರೆ ನಮ್ಮ ನೆಂಟರ ಮನೆಯಲ್ಲಿ ನಡೆಯಲು ಬಾರದ ಮಗುವೊಂದು ಇದ್ದಾಗ ಬಂದು ಹೋದವರೆಲ್ಲ, ಒಳ್ಳೆಯ ಜನರೇ, ಕಾಫಿ ಕುಡಿದು ಕಪ್ ಕೆಳಗಿಡುತ್ತ ‘ಏನು ಮಾಡುವುದು, ಹಿಂದಿನ ಜನ್ಮದ ಕರ್ಮ’ ಅಂದರು. ಮಗುವಿನ ಅಮ್ಮ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ಅಲ್ಲಿ ಆ ಶಬ್ದ ಸವೆದಿರಲಿಲ್ಲ. ಪೂರ್ತಿ ಜೀವ ಇತ್ತು ಅದಕ್ಕೆ, ಮಗುವನ್ನೇ ತಪ್ಪಿತಸ್ಥ ಮಾಡುವಷ್ಟು. ಅವತ್ತಿನಿಂದ ಬೇರೆಯವರ ಕಷ್ಟಕ್ಕೆ ‘ಕರ್ಮ’, ‘ಹಣೆಬರಹ’ ಅನ್ನುವುದು ಬಿಟ್ಟೆ. ‘ಮೈಲಿಗೆ’ಯನ್ನು ತಮಾಷೆಗೂ ಅನ್ನುವುದಿಲ್ಲ, ಅದು ಈಗಲೂ ಕೆಲವು ಮನೆಗಳ ಹಿತ್ತಲ ಬಾಗಿಲಲ್ಲಿ ಕೆಲಸ ಮಾಡುತ್ತಿದೆ.

ದೈವದ ‘ಕಾರ್ಣಿಕ’ (ಅದರ ಮಹಿಮೆ), ‘ಬೂಳ್ಯ’ (ವೀಳ್ಯ) ಇಂಥವನ್ನೂ ಜೋಕಿಗೆ ಬಳಸುವುದಿಲ್ಲ. ಅದಕ್ಕೆ ಕಾರಣ ಬೇರೆ. ಅವು ನನ್ನ ಚಿಕ್ಕಮ್ಮನ ಬಾಯಲ್ಲಿ ಇನ್ನೂ ಹೊಸ ನೋಟಿನ ಹಾಗೆ ಇವೆ.

ಯಾವ ಶಬ್ದ ಎಲ್ಲಿಂದ ಬಂತು ಅಂತ ಎಲ್ಲಿ ನೋಡುತ್ತೀರಿ?

ಮನೆಯಲ್ಲಿ ಕಿಟೆಲ್ ನಿಘಂಟು ಉಂಟು. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಬಂದದ್ದು. ಯೇಸುವಿನ ಮಾತು ಹೇಳಲು ಜರ್ಮನಿಯಿಂದ ಬಂದ ಪಾದ್ರಿ ಮಾಡಿದ ಪುಸ್ತಕ, ನನ್ನಂಥವನ ಮೇಜಿನ ಮೇಲೆ ಕೂತಿದೆ. ಅದಕ್ಕೆ ಬೇ‌ಕಾದರೆ ನಗಿ.

ನಿಮ್ಮ ಅಮ್ಮ ‘ದೇವರು ಒಳ್ಳೇದು ಮಾಡಲಿ’ ಅಂದರೆ ಏನು ಹೇಳುತ್ತೀರಿ?

‘ಆಯ್ತಮ್ಮ, ಬರ್ತೇನೆ’ ಅನ್ನುತ್ತೇನೆ. ‘ಹೋಗ್ತೇನೆ’ ಅಂದರೆ ಅಪಶಕುನ, ಬಾಗಿಲಿಂದ ವಾಪಸ್ ಕರೆದು ಕೂರಿಸುತ್ತಾರೆ.